ಗಾಳಿಯಲ್ಲಿ ಹಾರುವ ವಿಮಾನ: ಸಾಪೇಕ್ಷ ವೇಗದ ಲೆಕ್ಕ ಹಂತ ಹಂತವಾಗಿ

ಹೋದ ವಾರದ ಟೆಸ್ಟ್‌ನಲ್ಲಿ ಎರಡು ಲೆಕ್ಕ ಕೊಟ್ಟಿದ್ದೆ. ಮೊದಲನೆಯದು: ವಿಮಾನದ ಮೂತಿ ಉತ್ತರಕ್ಕಿದೆ, ಗಾಳಿ ಪಶ್ಚಿಮದಿಂದ ಬೀಸುತ್ತಿದೆ, ವಿಮಾನ ಎತ್ತ ಹೋಗುತ್ತದೆ? ಎರಡನೆಯದು: ವಿಮಾನ ನೇರ ಉತ್ತರಕ್ಕೇ ಹೋಗಬೇಕು, ಗಾಳಿ ಪಶ್ಚಿಮದಿಂದ ಬೀಸುತ್ತಿದೆ, ಮೂತಿ ಎತ್ತ ಇಡಬೇಕು? ಬಹಳ ಮಕ್ಕಳು ಎರಡಕ್ಕೂ ಒಂದೇ ಚಿತ್ರ ಬಿಡಿಸಿದ್ದರು. ಸೂತ್ರ ಸರಿ, ವರ್ಗಮೂಲ ಸರಿ, ಉತ್ತರ ಮಾತ್ರ ತಪ್ಪು.

ನಾನು ಧಾರವಾಡದಲ್ಲಿ ಪಿಯು ಮಕ್ಕಳಿಗೆ ಸಂಜೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಗದಗ, ಹಾವೇರಿ ಕಡೆಯಿಂದ ಬಂದು ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಓದುವವರೇ ಜಾಸ್ತಿ. ಮಳೆ ಮತ್ತು ಕೊಡೆಯ ಲೆಕ್ಕ ಮಾಡುತ್ತಾರೆ, ನದಿ ಮತ್ತು ದೋಣಿಯ ಲೆಕ್ಕವೂ ಬರುತ್ತದೆ. ವಿಮಾನ ಬಂದ ಕೂಡಲೇ ಪೆನ್ನು ನಿಲ್ಲುತ್ತದೆ. ಗಣಿತ ಬರುವುದಿಲ್ಲ ಅಂತಲ್ಲ. ನದಿಗೆ ದಡ ಇದೆ, ಆಚೆ ದಡ ಕಣ್ಣಿಗೆ ಕಾಣುತ್ತದೆ. ಆಕಾಶಕ್ಕೆ ದಡ ಇಲ್ಲ. ಮೂತಿಯ ದಿಕ್ಕು ಯಾವುದು, ಹೋಗುವ ದಾರಿ ಯಾವುದು ಅನ್ನೋದು ತಲೆಯಲ್ಲಿ ಕಲಸಿಹೋಗುತ್ತದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿಸಬೇಡಿ.

ಕೈಯಲ್ಲಿ ಏನಿರಬೇಕು

ಕಂಪಾಸ್ ಬಾಕ್ಸ್, ಪೆನ್ಸಿಲ್, ಒಂದು ಕೆಂಪು ಪೆನ್ನು, ಗ್ರಾಫ್ ಹಾಳೆ. ಗಾಳಿಯ ಬಾಣ ಯಾವಾಗಲೂ ಕೆಂಪು. ಸುಮ್ನೆ ಅಂದಕ್ಕೆ ಹೇಳುತ್ತಿಲ್ಲ. ಮೂರು ಬಾಣವೂ ಒಂದೇ ಬಣ್ಣದಲ್ಲಿದ್ದರೆ ಎರಡು ನಿಮಿಷದಲ್ಲಿ ಯಾವುದು ಯಾವುದು ಅಂತ ಮರೆತುಹೋಗುತ್ತದೆ.

ಸಿಇಟಿ, ನೀಟ್‌ನಲ್ಲಿ ಕ್ಯಾಲ್ಕುಲೇಟರ್ ಬಿಡುವುದಿಲ್ಲ. ಹಾಗಾಗಿ 3-4-5, 5-12-13, 7-24-25 ಈ ಮೂರು ತ್ರಿಕೋನ ಬಾಯಿಪಾಠ ಇರಲಿ. ಸೈನ್ 37 ಡಿಗ್ರಿ ಸುಮಾರು 0.6, ಕಾಸ್ 37 ಡಿಗ್ರಿ ಸುಮಾರು 0.8. ಮನೆಯಲ್ಲಿ ಫೋನಿನ ಕ್ಯಾಲ್ಕುಲೇಟರ್ ಬಳಸುವವರು ಅದು ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ಮೊದಲು ನೋಡಿ. ಸೈನ್ 30 ಹಾಕಿ, 0.5 ಬಂದರೆ ಡಿಗ್ರಿಯಲ್ಲಿದೆ.

ಹಂತ 1: ಗಾಳಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು

‘ಪಶ್ಚಿಮದ ಗಾಳಿ’ ಅಂದರೆ ಪಶ್ಚಿಮದಿಂದ ಬರುವ ಗಾಳಿ. ಅದರ ಬಾಣ ಪೂರ್ವಕ್ಕೆ ಮುಖ ಮಾಡಿರಬೇಕು. ಗಾಳಿಗೆ ಹೆಸರು ಇಡುವುದು ಬರುವ ದಿಕ್ಕಿನಿಂದ, ಬಾಣ ಎಳೆಯುವುದು ಹೋಗುವ ದಿಕ್ಕಿಗೆ. ಮೊದಲ ತಪ್ಪು ಆಗುವುದು ಇಲ್ಲೇ, ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು.

ಒಮ್ಮೆ ಕ್ಲಾಸಿನಲ್ಲಿ ಇದರ ಮೇಲೆ ಗಲಾಟೆ ಆಯಿತು. ಅರ್ಧ ಜನ ಬಾಣ ಪಶ್ಚಿಮಕ್ಕೆ ಅಂದರು, ಅರ್ಧ ಜನ ಪೂರ್ವಕ್ಕೆ. ಹಿಂದಿನ ಬೆಂಚಿನಲ್ಲಿದ್ದ ರೋಣದ ಕಡೆಯ ಹುಡುಗಿ ಎದ್ದು ನಿಂತಳು. “ಸರ್, ಪಡುವಲ ಗಾಳಿ ಅಂದ್ರ ಪಡುವಲದಿಂದ ಬರೂ ಗಾಳಿರಿ. ನಮ್ಮಪ್ಪ ರಾಶಿ ತೂರುವಾಗ ಹೊಟ್ಟು ಮೂಡಲಕ್ಕ ಬೀಳ್ತೈತ್ರಿ.” ಅವತ್ತಿನಿಂದ ನನ್ನ ಕ್ಲಾಸಿನಲ್ಲಿ ಗಾಳಿಯ ಬಾಣಕ್ಕೆ ‘ಹೊಟ್ಟಿನ ಬಾಣ’ ಅಂತಲೇ ಹೆಸರು. ಹೊಟ್ಟು ಎತ್ತ ಬೀಳುತ್ತದೋ ಬಾಣ ಅತ್ತ.

ಪ್ರಶ್ನೆಯಲ್ಲಿ ‘ಪಶ್ಚಿಮದ ಕಡೆಗೆ ಬೀಸುವ ಗಾಳಿ’ ಅಂತಿದ್ದರೆ ಆಗ ಬಾಣ ಪಶ್ಚಿಮಕ್ಕೇ. ‘ಇಂದ’ ಮತ್ತು ‘ಕಡೆಗೆ’ ಈ ಎರಡು ಮಾತಿಗೆ ಗೆರೆ ಎಳೆದು ಓದಿ.

ಹಂತ 2: ಮೂರು ವೇಗಕ್ಕೂ ಹೆಸರಿಡಿ

ಈ ಲೆಕ್ಕದಲ್ಲಿ ಇರುವುದು ಮೂರೇ ವೇಗ.

ವಿಗಾ: ಗಾಳಿಗೆ ಹೋಲಿಸಿದರೆ ವಿಮಾನದ ವೇಗ. ಇದರ ದಿಕ್ಕು ಯಾವಾಗಲೂ ಮೂತಿಯ ದಿಕ್ಕು. ಪ್ರಶ್ನೆಪತ್ರಿಕೆಯಲ್ಲಿ ಏರ್‌ಸ್ಪೀಡ್, ಸ್ಟಿಲ್ ಏರ್‌ನಲ್ಲಿ ವೇಗ, ಹೆಡಿಂಗ್ ಅಂತ ಬಂದರೆ ಅದು ಇದೇ.

ಗಾನೆ: ನೆಲಕ್ಕೆ ಹೋಲಿಸಿದರೆ ಗಾಳಿಯ ವೇಗ.

ವಿನೆ: ನೆಲಕ್ಕೆ ಹೋಲಿಸಿದರೆ ವಿಮಾನದ ವೇಗ. ನೆಲದ ಮೇಲೆ ನಿಂತವರಿಗೆ ವಿಮಾನ ಎತ್ತ, ಎಷ್ಟು ಜೋರಾಗಿ ಹೋದಂತೆ ಕಾಣುತ್ತದೋ ಅದು. ಗ್ರೌಂಡ್ ಸ್ಪೀಡ್, ಟ್ರ್ಯಾಕ್ ಅನ್ನುವ ಮಾತು ಇದಕ್ಕೆ ಸೇರಿದ್ದು. ಊರು ತಲುಪುವ ಸಮಯ ಕಂಡುಹಿಡಿಯುವುದೂ ಇದರಿಂದಲೇ.

ಸಂಬಂಧ ಒಂದೇ: ವಿನೆ = ವಿಗಾ + ಗಾನೆ. ಬಲಗಡೆ ಮಧ್ಯದಲ್ಲಿ ‘ಗಾ’ ಮತ್ತು ‘ಗಾ’ ಪಕ್ಕಪಕ್ಕ ಬಂದಿವೆ ನೋಡಿ. ಅವು ಜೋಡಿಯಾಗಿ ಹೋದರೆ ಉಳಿಯುವುದು ‘ವಿ’ ಮತ್ತು ‘ನೆ’. ಬರೆದಾಗ ಈ ಜೋಡಿ ಕೂಡದಿದ್ದರೆ ಎಲ್ಲೋ ಕೂಡುವ ಬದಲು ಕಳೆದಿದ್ದೀರಿ, ಇಲ್ಲವೇ ಅಕ್ಷರ ಹಿಂದುಮುಂದಾಗಿದೆ ಅಂತ ಅರ್ಥ. ಇಲ್ಲಿ ಕೂಡುವುದು ವೆಕ್ಟರ್‌ಗಳನ್ನು, ಅಂದರೆ ಎಷ್ಟು ಮತ್ತು ಎತ್ತ ಎರಡೂ ಇರುವವನ್ನು, ಬರೀ ಸಂಖ್ಯೆಗಳನ್ನಲ್ಲ.

ಹಂತ 3: ಆರು ಮನೆ ತುಂಬಿ

ನನ್ನ ಅನುಭವದಲ್ಲಿ ಇಡೀ ಲೆಕ್ಕದ ಜೀವ ಈ ಹಂತದಲ್ಲಿದೆ. ಇದನ್ನು ಬಿಟ್ಟು ನೇರ ಚಿತ್ರಕ್ಕೆ ಹೋಗುವವರೇ ತಪ್ಪುವುದು.

ಚೌಕಾಬಾರಾಕ್ಕೆ ಮನೆ ಹಾಕಿದ ಹಾಗೆ ಹಾಳೆಯ ಮೇಲೆ ಆರು ಮನೆ ಹಾಕಿ. ಮೂರು ಸಾಲು: ವಿಗಾ, ಗಾನೆ, ವಿನೆ. ಎರಡು ಕಂಬಸಾಲು: ಎಷ್ಟು, ಎತ್ತ. ಪ್ರಶ್ನೆ ಓದುತ್ತಾ ಗೊತ್ತಿರುವುದನ್ನು ತುಂಬಿ, ಗೊತ್ತಿಲ್ಲದ ಕಡೆ ಪ್ರಶ್ನೆ ಚಿಹ್ನೆ ಹಾಕಿ. ಸರಿಯಾಗಿ ಓದಿದ್ದರೆ ನಾಲ್ಕು ಮನೆ ತುಂಬುತ್ತವೆ, ಎರಡು ಖಾಲಿ ಉಳಿಯುತ್ತವೆ. ಮೂರು ಖಾಲಿ ಉಳಿದರೆ ಪ್ರಶ್ನೆಯ ಒಂದು ಸಾಲನ್ನು ಬಿಟ್ಟು ಓದಿದ್ದೀರಿ.

ಖಾಲಿ ಮನೆ ಎಲ್ಲಿದೆ ಅನ್ನುವುದೇ ಲೆಕ್ಕದ ಜಾತಿ ಹೇಳುತ್ತದೆ.

ವಿನೆ ಸಾಲಿನ ಎರಡೂ ಮನೆ ಖಾಲಿ: ಮೂತಿ ಕೊಟ್ಟಿದ್ದಾರೆ, ದಾರಿ ಕೇಳಿದ್ದಾರೆ. ಇದನ್ನು ‘ಮೂತಿ ಲೆಕ್ಕ’ ಅನ್ನೋಣ.

ವಿಗಾದ ದಿಕ್ಕು ಮತ್ತು ವಿನೆಯ ಅಳತೆ ಖಾಲಿ: ಊರು ಕೊಟ್ಟಿದ್ದಾರೆ, ಮೂತಿ ಕೇಳಿದ್ದಾರೆ. ಇದು ‘ದಾರಿ ಲೆಕ್ಕ’.

ಗಾನೆ ಸಾಲು ಪೂರ್ತಿ ಖಾಲಿ: ಇದು ‘ಗಾಳಿ ಲೆಕ್ಕ’.

ನನ್ನ ಟೆಸ್ಟ್‌ನ ಮೊದಲ ಪ್ರಶ್ನೆ ಮೂತಿ ಲೆಕ್ಕ, ಎರಡನೆಯದು ದಾರಿ ಲೆಕ್ಕ. ಓದಲು ಎರಡೂ ಒಂದೇ ಥರ. ಮನೆ ತುಂಬಿದರೆ ಮಾತ್ರ ಬೇರೆ ಅಂತ ಕಾಣುತ್ತದೆ.

ಮನೆ ತುಂಬುವಾಗಲೇ ಎಲ್ಲ ವೇಗವನ್ನೂ ಒಂದೇ ಅಳತೆಗೆ ತನ್ನಿ. ಸೆಕೆಂಡಿಗೆ 1 ಮೀಟರ್ ಅಂದರೆ ಗಂಟೆಗೆ 3.6 ಕಿ.ಮೀ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಗಾಳಿಯನ್ನು ಸೆಕೆಂಡಿಗೆ 20 ಮೀಟರ್ ಅಂತ, ವಿಮಾನವನ್ನು ಗಂಟೆಗೆ 250 ಕಿ.ಮೀ. ಅಂತ ಬೇಕೆಂದೇ ಕೊಡುತ್ತಾರೆ.

ಹಂತ 4: ಚಿತ್ರ, ಜಾತಿಗೆ ತಕ್ಕಂತೆ

ಅಳತೆ: 1 ಸೆಂ.ಮೀ. ಅಂದರೆ ಗಂಟೆಗೆ 25 ಕಿ.ಮೀ. ಮೇಲೆ ಉತ್ತರ, ಬಲಕ್ಕೆ ಪೂರ್ವ.

ಮೂತಿ ಲೆಕ್ಕ ಮೊದಲು. ಮೂತಿ ಉತ್ತರಕ್ಕೆ, ವಿಗಾ ಗಂಟೆಗೆ 240 ಕಿ.ಮೀ., ಪಶ್ಚಿಮದಿಂದ ಗಾಳಿ 70 ಕಿ.ಮೀ. ಉತ್ತರಕ್ಕೆ 9.6 ಸೆಂ.ಮೀ. ಬಾಣ ಎಳೆಯಿರಿ. ಅದರ ತುದಿಯಿಂದ ಪೂರ್ವಕ್ಕೆ 2.8 ಸೆಂ.ಮೀ. ಕೆಂಪು ಬಾಣ. ಈಗ ಹೊರಟ ಜಾಗದಿಂದ ಕೆಂಪು ಬಾಣದ ತುದಿಗೆ ಗೀಟು ಎಳೆಯಿರಿ. ಅದೇ ವಿನೆ. ಫೂಟ್‌ಪಟ್ಟಿ ಇಟ್ಟು ನೋಡಿದರೆ 10 ಸೆಂ.ಮೀ.

ದಾರಿ ಲೆಕ್ಕಕ್ಕೆ ಎಳೆಯುವ ಕ್ರಮವೇ ಬೇರೆ. ದಾರಿ ಉತ್ತರಕ್ಕೆ, ವಿಗಾ 250, ಪಶ್ಚಿಮದಿಂದ ಗಾಳಿ ಅದೇ 70. ಮೂತಿ ಎತ್ತ ಅನ್ನೋದು ಗೊತ್ತಿಲ್ಲ, ಹಾಗಾಗಿ ಅದನ್ನು ಮೊದಲು ಎಳೆಯಲು ಆಗುವುದಿಲ್ಲ. ಮೊದಲು ಉತ್ತರಕ್ಕೆ ಉದ್ದಕ್ಕೆ ಒಂದು ತೆಳು ಗೆರೆ ಹಾಕಿ, ಅದರ ಉದ್ದ ಇನ್ನೂ ಗೊತ್ತಿಲ್ಲ. ಹೊರಟ ಜಾಗದಿಂದ ಪೂರ್ವಕ್ಕೆ 2.8 ಸೆಂ.ಮೀ. ಕೆಂಪು ಬಾಣ. ಕೈವಾರವನ್ನು 10 ಸೆಂ.ಮೀ. ಅಗಲಿಸಿ, ಮೊನೆಯನ್ನು ಕೆಂಪು ಬಾಣದ ತುದಿಯಲ್ಲಿ ಊರಿ, ಉತ್ತರದ ಗೆರೆಯನ್ನು ಕತ್ತರಿಸಿ. ಕತ್ತರಿಸಿದ ಜಾಗ ಹೊರಟಲ್ಲಿಂದ 9.6 ಸೆಂ.ಮೀ. ಇರುತ್ತದೆ. ಕೆಂಪು ತುದಿಯಿಂದ ಆ ಜಾಗಕ್ಕೆ ಎಳೆದ ಬಾಣ ವಿಗಾ. ಅದು ಉತ್ತರದಿಂದ ಪಶ್ಚಿಮಕ್ಕೆ ವಾಲಿದೆ, ಅಂದರೆ ಗಾಳಿ ಬರುವ ಕಡೆಗೆ.

ಈ ಕೈವಾರದ ಚಿತ್ರವನ್ನು ಒಮ್ಮೆಯಾದರೂ ನಿಮ್ಮ ಕೈಯಿಂದಲೇ ಮಾಡಿ. ಪುಸ್ತಕದಲ್ಲಿ ನೋಡಿದರೆ ಅರ್ಥವಾದಂತೆ ಅನಿಸುತ್ತದೆ, ಮರುದಿನ ನೆನಪಿರುವುದಿಲ್ಲ. ಕೈವಾರ ಆ ಗೆರೆಯನ್ನು ಕತ್ತರಿಸುವುದನ್ನು ಕಣ್ಣಾರೆ ನೋಡಿದವರು ಮರೆಯುವುದಿಲ್ಲ.

ಎರಡು ಚಿತ್ರ ಪಕ್ಕಪಕ್ಕ ಇಡಿ. ಮೂತಿ ಲೆಕ್ಕದಲ್ಲಿ ಲಂಬಕೋನ ಇರುವುದು ವಿಗಾ ಮತ್ತು ಗಾಳಿಯ ನಡುವೆ, ದಾರಿ ಲೆಕ್ಕದಲ್ಲಿ ವಿನೆ ಮತ್ತು ಗಾಳಿಯ ನಡುವೆ. ಮೊದಲನೆಯದರಲ್ಲಿ ಕರ್ಣ ವಿನೆ, ಎರಡನೆಯದರಲ್ಲಿ ಕರ್ಣ ವಿಗಾ.

ಹಂತ 5: ಈಗ ಲೆಕ್ಕ

ಮೂತಿ ಲೆಕ್ಕ: ವಿನೆ = √(240² + 70²) = 250. ಟ್ಯಾನ್ ತೀಟಾ = 70 ÷ 240. ತೀಟಾ ಸುಮಾರು 16.3 ಡಿಗ್ರಿ, ಉತ್ತರದಿಂದ ಪೂರ್ವಕ್ಕೆ.

ದಾರಿ ಲೆಕ್ಕ: ಸೈನ್ ತೀಟಾ = 70 ÷ 250 = 0.28. ತೀಟಾ ಸುಮಾರು 16.3 ಡಿಗ್ರಿ, ಉತ್ತರದಿಂದ ಪಶ್ಚಿಮಕ್ಕೆ. ವಿನೆ = √(250² − 70²) = 240.

ಒಂದರಲ್ಲಿ ಟ್ಯಾನ್, ಒಂದರಲ್ಲಿ ಸೈನ್. ಎರಡನೆಯದಕ್ಕೂ ಟ್ಯಾನ್ ಹಾಕಿದವರಿಗೆ 15.6 ಡಿಗ್ರಿ ಮತ್ತು ಸುಮಾರು 260 ಕಿ.ಮೀ. ಬರುತ್ತದೆ. ಇಂಥ ತಪ್ಪು ಉತ್ತರವನ್ನೂ ನಾಲ್ಕು ಆಯ್ಕೆಯಲ್ಲಿ ಸೇರಿಸುವುದು ಪ್ರಶ್ನೆ ತೆಗೆಯುವವರ ಅಭ್ಯಾಸ. ನಿಮ್ಮ ಉತ್ತರ ಆಯ್ಕೆಯಲ್ಲಿ ಸಿಕ್ಕಿತು ಅಂತ ಸರಿ ಅಂದುಕೊಳ್ಳಬೇಡಿ.

ಮೂತಿ ತಿರುಗಿಸದೆ ಉತ್ತರಕ್ಕೇ ಬಿಟ್ಟಿದ್ದರೆ ಒಂದು ಗಂಟೆಯಲ್ಲಿ ವಿಮಾನ 70 ಕಿ.ಮೀ. ಪೂರ್ವಕ್ಕೆ ಸರಿದಿರುತ್ತಿತ್ತು. ಹೆಚ್ಚುಕಡಿಮೆ ಹುಬ್ಬಳ್ಳಿಯಿಂದ ಹಾವೇರಿಗೆ ಇರುವಷ್ಟು ದೂರ.

ಗಾಳಿ ಲೆಕ್ಕ: ಹುಬ್ಬಳ್ಳಿಯಿಂದ ಒಂದು ಚಿಕ್ಕ ವಿಮಾನ ಮೂತಿಯನ್ನು ನೇರ ಪೂರ್ವಕ್ಕೆ, ಅಂದರೆ ಹೆಚ್ಚುಕಡಿಮೆ ಗದಗದ ಕಡೆಗೆ ಇಟ್ಟು ಗಂಟೆಗೆ 200 ಕಿ.ಮೀ. ವೇಗದಲ್ಲಿ ಹೊರಟಿತು ಅಂದುಕೊಳ್ಳಿ. 15 ನಿಮಿಷದ ನಂತರ ಅದು 53 ಕಿ.ಮೀ. ಪೂರ್ವಕ್ಕೆ, 4 ಕಿ.ಮೀ. ಉತ್ತರಕ್ಕೆ ಇದೆ. ಗಾಳಿ ಎಷ್ಟು, ಎಲ್ಲಿಂದ?

ಇಲ್ಲಿ ಕಳೆಯಬೇಕು: ಗಾನೆ = ವಿನೆ − ವಿಗಾ. ಗಾಳಿಯೇ ಇಲ್ಲದಿದ್ದರೆ 15 ನಿಮಿಷಕ್ಕೆ 50 ಕಿ.ಮೀ. ಪೂರ್ವಕ್ಕೆ ಇರಬೇಕಿತ್ತು. ಗಾಳಿ ಅದನ್ನು 3 ಕಿ.ಮೀ. ಪೂರ್ವಕ್ಕೆ, 4 ಕಿ.ಮೀ. ಉತ್ತರಕ್ಕೆ ತಳ್ಳಿದೆ. 3-4-5 ತ್ರಿಕೋನ. 15 ನಿಮಿಷಕ್ಕೆ 5 ಕಿ.ಮೀ., ಗಂಟೆಗೆ 20 ಕಿ.ಮೀ. ದಿಕ್ಕು ಉತ್ತರದಿಂದ 37 ಡಿಗ್ರಿ ಪೂರ್ವಕ್ಕೆ. ‘ಎಲ್ಲಿಂದ’ ಅಂತ ಕೇಳಿದ್ದಾರೆ, ಹಾಗಾಗಿ ಉತ್ತರ ತಿರುಗಿಸಿ ಬರೆಯಬೇಕು: ದಕ್ಷಿಣದಿಂದ 37 ಡಿಗ್ರಿ ಪಶ್ಚಿಮಕ್ಕೆ ಇರುವ ದಿಕ್ಕಿನಿಂದ. ನಮ್ಮ ಮಳೆಗಾಲದ ನೈಋತ್ಯದ ಗಾಳಿಯ ಕಡೆಯೇ. ಲೆಕ್ಕವೆಲ್ಲ ಸರಿ ಮಾಡಿ ಈ ಕೊನೆಯ ತಿರುವಿನಲ್ಲಿ ಅಂಕ ಕಳೆದುಕೊಂಡವರನ್ನು ನೋಡಿದಾಗ ಬಹಳ ಬೇಜಾರಾಗುತ್ತದೆ.

ಹಂತ 6: ಗಾಳಿ ಓರೆಯಾಗಿದ್ದರೆ

ಲಂಬಕೋನ ಇಲ್ಲದಾಗ ಏನು ಮಾಡಬೇಕು? ಗಾಳಿಯನ್ನು ಒಡೆಯಬೇಕು. ಆದರೆ ಉತ್ತರಕ್ಕೆ ಇಷ್ಟು, ಪೂರ್ವಕ್ಕೆ ಇಷ್ಟು ಅಂತ ಒಡೆಯಬೇಡಿ, ದಾರಿಯ ಉದ್ದಕ್ಕೆ ಮತ್ತು ದಾರಿಗೆ ಅಡ್ಡಕ್ಕೆ ಒಡೆಯಿರಿ. ಹಾಗೆ ಒಡೆದರೂ ಸರಿ ಉತ್ತರವೇ ಬರುತ್ತದೆ. ಆದರೆ ಎರಡು ಸಮೀಕರಣ ಬಿಡಿಸುತ್ತಾ ಕೂರಬೇಕು, ಪರೀಕ್ಷೆಯಲ್ಲಿ ಅಷ್ಟು ಹೊತ್ತಿಲ್ಲ.

ಹುಬ್ಬಳ್ಳಿಯಿಂದ ಬೆಂಗಳೂರು ವಿಮಾನ ನಿಲ್ದಾಣ ನೇರ ಗೆರೆಯಲ್ಲಿ ಸುಮಾರು 370 ಕಿ.ಮೀ., ದಿಕ್ಕು ಹೆಚ್ಚುಕಡಿಮೆ ಸರಿಯಾಗಿ ಆಗ್ನೇಯ. ವಿಗಾ ಗಂಟೆಗೆ 500 ಕಿ.ಮೀ., ಪಶ್ಚಿಮದಿಂದ ಗಾಳಿ 60 ಕಿ.ಮೀ. ಅಂತ ಹಿಡಿಯೋಣ. ಏರುವ, ಇಳಿಯುವ ಸಮಯ ಬಿಟ್ಟುಬಿಡಿ.

ಉತ್ತರ 0 ಡಿಗ್ರಿ ಅಂತ ಇಟ್ಟುಕೊಂಡು ಗಡಿಯಾರದ ಮುಳ್ಳಿನಂತೆ ಎಣಿಸಿದರೆ ಆಗ್ನೇಯ 135 ಡಿಗ್ರಿ. ಹೊಟ್ಟಿನ ಬಾಣ ಪೂರ್ವಕ್ಕೆ, 90 ಡಿಗ್ರಿ. ನಡುವಿನ ಕೋನ 45.

ಉದ್ದಕ್ಕೆ: 60 × ಕಾಸ್ 45 = 42.4. ಇದು ಹಿಂದಿನಿಂದ ತಳ್ಳುವ ಗಾಳಿ.

ಅಡ್ಡಕ್ಕೆ: 60 × ಸೈನ್ 45 = 42.4. ಆಗ್ನೇಯಕ್ಕೆ ಮುಖ ಮಾಡಿ ನಿಂತರೆ ಪೂರ್ವ ಎಡಗಡೆ ಇರುತ್ತದೆ, ಹಾಗಾಗಿ ಇದು ವಿಮಾನವನ್ನು ಎಡಕ್ಕೆ ತಳ್ಳುತ್ತದೆ. ಒಮ್ಮೆ ಎದ್ದು ನಿಂತು ತಿರುಗಿ ನೋಡಿ, ತಪ್ಪಿಲ್ಲ.

ಅಡ್ಡಕ್ಕೆ ತಳ್ಳಿದಷ್ಟನ್ನು ಮೂತಿ ತಿರುಗಿಸಿ ಸರಿದೂಗಿಸಬೇಕು: 500 × ಸೈನ್ ತೀಟಾ = 42.4. ತೀಟಾ ಸುಮಾರು 4.9 ಡಿಗ್ರಿ, ಬಲಕ್ಕೆ. ಮೂತಿ ಸುಮಾರು 140 ಡಿಗ್ರಿಗೆ.

ವಿನೆ = 500 × ಕಾಸ್ 4.9 + 42.4 = 498.2 + 42.4, ಸುಮಾರು 540.6. ಸಮಯ 370 ÷ 540.6 ಗಂಟೆ, ಸುಮಾರು 41 ನಿಮಿಷ.

500ಕ್ಕೆ ಸುಮ್ನೆ 42.4 ಕೂಡಿಸಿಬಿಡುವುದು ಇಲ್ಲಿನ ಮಾಮೂಲಿ ತಪ್ಪು. ಮೂತಿ ಓರೆಯಾದ ಮೇಲೆ 500 ಪೂರ್ತಿ ದಾರಿಯ ಉದ್ದಕ್ಕೆ ಸಿಗುವುದಿಲ್ಲ. ಇಲ್ಲಿ ವ್ಯತ್ಯಾಸ ಎರಡು ಕಿಲೋಮೀಟರಿನೊಳಗೇ ಇದೆ, ಚಿಕ್ಕ ವಿಮಾನ ಜೋರು ಗಾಳಿಯಲ್ಲಿದ್ದರೆ ಬಹಳ ಆಗುತ್ತದೆ.

ಹಂತ 7: ಹೋಗಿ ಬರುವ ಸಮಯ

‘ಹೋಗುವಾಗ ಗಾಳಿ ಸಹಾಯ ಮಾಡಿತು, ಬರುವಾಗ ಅಡ್ಡಿ ಮಾಡಿತು, ಸರಿಹೋಯಿತು’ ಅಂತ ಬಹಳ ಜನ ನಂಬುತ್ತಾರೆ. ಸರಿಹೋಗುವುದಿಲ್ಲ. ಮೇಲಿನ ವಿಮಾನ ವಾಪಸ್ ಬರುವಾಗ ವಿನೆ = 498.2 − 42.4, ಸುಮಾರು 455.8. ಸಮಯ ಸುಮಾರು 48.7 ನಿಮಿಷ. ಎರಡೂ ಸೇರಿ 89.8 ನಿಮಿಷ, ಗಾಳಿಯೇ ಇಲ್ಲದಿದ್ದರೆ 88.8.

ಗಾಳಿ ದಾರಿಯ ಉದ್ದಕ್ಕೇ ಇದ್ದರೆ ಇನ್ನೂ ಸ್ಪಷ್ಟ. 300 ಕಿ.ಮೀ. ದೂರ, ವಿಗಾ 250, ಗಾಳಿ 50. ಹೋಗಲು ಗಂಟೆಗೆ 300ರಂತೆ 1 ಗಂಟೆ, ಬರಲು 200ರಂತೆ ಒಂದೂವರೆ ಗಂಟೆ. 600 ಕಿ.ಮೀ.ಗೆ ಎರಡೂವರೆ ಗಂಟೆ, ಸರಾಸರಿ 240. ಎದುರುಗಾಳಿಯಲ್ಲಿ ವಿಮಾನ ಜಾಸ್ತಿ ಹೊತ್ತು ಇರುತ್ತದೆ ಅಲ್ವಾ, ಅದಕ್ಕೇ ನಷ್ಟ ಜಾಸ್ತಿ. ಎರಡು ವೇಗ ಕೂಡಿಸಿ ಎರಡರಿಂದ ಭಾಗಿಸಬೇಡಿ, ಎರಡು ಸಮಯ ಕೂಡಿಸಿ.

ಹಂತ 8: ಉತ್ತರ ತಪ್ಪಿದೆ ಅಂತ ಹೇಳುವ ಗುರುತುಗಳು

ಬರೆದು ಮುಗಿಸಿದ ಮೇಲೆ ಅರ್ಧ ನಿಮಿಷ ಇದಕ್ಕೆ ಕೊಡಿ.

ವಿನೆ ಯಾವತ್ತೂ ವಿಗಾ ಮತ್ತು ಗಾಳಿಯ ಮೊತ್ತಕ್ಕಿಂತ ಜಾಸ್ತಿ ಇರುವುದಿಲ್ಲ, ಅವುಗಳ ವ್ಯತ್ಯಾಸಕ್ಕಿಂತ ಕಡಿಮೆಯೂ ಇರುವುದಿಲ್ಲ. 250 ಮತ್ತು 70 ಇದ್ದಾಗ ಉತ್ತರ 180 ಮತ್ತು 320ರ ನಡುವೆಯೇ ಇರಬೇಕು.

ದಾರಿ ಲೆಕ್ಕದಲ್ಲಿ ಗಾಳಿ ದಾರಿಗೆ ನೇರ ಅಡ್ಡ ಇದ್ದರೆ ವಿನೆ ವಿಗಾಗಿಂತ ಕಡಿಮೆಯೇ ಬರಬೇಕು. ಜಾಸ್ತಿ ಬಂದರೆ ಮೂತಿ ಲೆಕ್ಕದ ಚಿತ್ರ ಹಾಕಿದ್ದೀರಿ, ಹಂತ 3ಕ್ಕೆ ಹಿಂತಿರುಗಿ.

ದಾರಿ ಲೆಕ್ಕದಲ್ಲಿ ಮೂತಿ ಗಾಳಿ ಬರುವ ಕಡೆಗೇ ವಾಲಿರಬೇಕು. ಗಾಳಿ ಹೋಗುವ ಕಡೆಗೆ ವಾಲಿದ್ದರೆ ಹಂತ 1ರಲ್ಲಿ ಬಾಣ ತಿರುಗಿದೆ.

ಸೈನ್ ತೀಟಾ 1ಕ್ಕಿಂತ ಜಾಸ್ತಿ ಬಂತೇ? ಮೊದಲು ಅಳತೆಯ ಮಾನ ನೋಡಿ, ಹೆಚ್ಚಾಗಿ ಅಲ್ಲೇ ತಪ್ಪಿರುತ್ತದೆ. ಮಾನ ಸರಿ ಇದ್ದರೆ ಅದೇ ಉತ್ತರ: ಅಡ್ಡಗಾಳಿ ವಿಮಾನದ ವೇಗಕ್ಕಿಂತ ಜೋರಿದೆ, ಆ ದಾರಿಯಲ್ಲಿ ಹೋಗಲು ಸಾಧ್ಯವಿಲ್ಲ. ಚಿತ್ರದಲ್ಲಾದರೆ ಕೈವಾರ ಗೆರೆಯನ್ನು ಮುಟ್ಟುವುದೇ ಇಲ್ಲ.

ಹಂತ 9: ರನ್‌ವೇ ಮೇಲೆ ಇದೇ ಲೆಕ್ಕ

ಗೋಕುಲ ರಸ್ತೆಯ ಹುಬ್ಬಳ್ಳಿ ವಿಮಾನ ನಿಲ್ದಾಣದ ರನ್‌ವೇಗೆ ಒಂದು ತುದಿಯಲ್ಲಿ 08, ಇನ್ನೊಂದು ತುದಿಯಲ್ಲಿ 26 ಅಂತ ಸಂಖ್ಯೆ. ಇದು ದಿಕ್ಕಿನ ಹತ್ತನೇ ಒಂದು ಭಾಗ: ಸುಮಾರು 80 ಡಿಗ್ರಿ ಮತ್ತು 260 ಡಿಗ್ರಿ. ಅಂದರೆ ರನ್‌ವೇ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ಆಷಾಢದ ಪಶ್ಚಿಮದ ಗಾಳಿಯಲ್ಲಿ 26ರ ದಿಕ್ಕಿಗೆ ಇಳಿದರೆ ಎದುರುಗಾಳಿ ಸಿಗುತ್ತದೆ, ನೆಲದ ವೇಗ ಕಡಿಮೆಯಾಗುತ್ತದೆ.

290 ಡಿಗ್ರಿಯಿಂದ ಗಂಟೆಗೆ 40 ಕಿ.ಮೀ. ಗಾಳಿ ಇದೆ ಅಂದುಕೊಳ್ಳಿ. 260ಕ್ಕೂ 290ಕ್ಕೂ ವ್ಯತ್ಯಾಸ 30 ಡಿಗ್ರಿ. ಅಡ್ಡಗಾಳಿ 40 × ಸೈನ್ 30 = 20, ಬಲಗಡೆಯಿಂದ. ಎದುರುಗಾಳಿ 40 × ಕಾಸ್ 30 = 34.6. ಹೊಸದೇನೂ ಇಲ್ಲ, ಹಂತ 6ರ ಅರ್ಧ ಭಾಗ ಅಷ್ಟೇ.

ಇವತ್ತೇ ಬಿಡಿಸಿ ನೋಡಿ

ಮನೆ ತುಂಬಿ, ಜಾತಿ ಬರೆದು, ಆಮೇಲೆ ಮುಂದುವರಿಯಿರಿ.

1. ವಿಮಾನ ನೇರ ದಕ್ಷಿಣಕ್ಕೆ ಹೋಗಬೇಕು. ವಿಗಾ 260, ಪಶ್ಚಿಮದಿಂದ ಗಾಳಿ 100. ಮೂತಿ ಎತ್ತ, ನೆಲದ ವೇಗ ಎಷ್ಟು?

2. ಮೂತಿ ಪಶ್ಚಿಮಕ್ಕೆ. ವಿಗಾ 120, ದಕ್ಷಿಣದಿಂದ ಗಾಳಿ 50. ವಿಮಾನ ಎತ್ತ ಹೋಗುತ್ತದೆ, ಎಷ್ಟು ವೇಗದಲ್ಲಿ?

ಮೊದಲನೆಯದು ದಾರಿ ಲೆಕ್ಕ: ದಕ್ಷಿಣದಿಂದ 22.6 ಡಿಗ್ರಿ ಪಶ್ಚಿಮಕ್ಕೆ ಮೂತಿ, ನೆಲದ ವೇಗ 240. ಎರಡನೆಯದು ಮೂತಿ ಲೆಕ್ಕ: ಪಶ್ಚಿಮದಿಂದ 22.6 ಡಿಗ್ರಿ ಉತ್ತರಕ್ಕೆ, ವೇಗ 130. ಒಂದನೆಯದಕ್ಕೆ ಸುಮಾರು 279 ಅಂತ ಬಂದಿದ್ದರೆ ಕೈವಾರ ತೆಗೆದುಕೊಂಡು ಹಂತ 4ರ ಎರಡನೇ ಚಿತ್ರವನ್ನು ಇನ್ನೊಮ್ಮೆ ಎಳೆಯಿರಿ.